ಕುಮುದಿನಿಯು ಊಟ ವಿಚಾರಿಸಿ ಸೀಟು ಪಡೆದ ಕಥೆ

ಕೈಯಲ್ಲಿ ಅಕ್ಷತೆ ಹಿಡಿದು, ಮೊಬೈಲನ್ನು ಮಗುಚಿಟ್ಟು, ದೀಪದ ಕಡೆಗೆ ಮುಖಮಾಡಿ ಕೇಳುವಂಥವರಾಗಿರಿ. ಅನ್ನಪೂರ್ಣೇಶ್ವರಿಯ ಈ ವ್ರತವನ್ನು ಹಿಡಿದವರಾರು, ಬಿಟ್ಟು ಕೆಟ್ಟವರಾರು, ಮತ್ತೆ ಹಿಡಿದು ಉದ್ಧಾರವಾದ ಬಗೆ ಹೇಗೆ ಎಂಬುದನ್ನು ಹೇಳುತ್ತೇನೆ. ಇದು ಕೃತಯುಗದ ಮಾತಲ್ಲ, ಮೊನ್ನೆ ಮೊನ್ನೆಯದು. ಹಾಗೆಂದು ಫಲದಲ್ಲೇನೂ ಕಡಿಮೆಯಿಲ್ಲ.

ಕಪಿಲಾ ತೀರದ ತೊರೆಪುರವೆಂಬ ಊರಿನಲ್ಲಿ ಪದ್ಮನಾಭನೆಂಬ ಬಾಣಸಿಗನಿದ್ದನು. ಅವನ ಹೆಂಡತಿ ಕುಮುದಿನಿಯು ವೈದ್ಯವಿದ್ಯೆ ಕಲಿತು ಅಲ್ಲಿಯ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದಳು. ಡಾಕ್ಟರಿಗೆ ಅಡುಗೆಯವನು ಗಂಡನೇ ಎಂದು ಮೂಗು ಮುರಿದ ನೆಂಟರೆಲ್ಲ ಅವನ ಕೈಯ ಬಿಸಿಬೇಳೆಹುಳಿಯನ್ನ ತಿಂದ ಮೇಲೆ ಇನ್ನೊಂದು ಸೌಟು ಬಡಿಸಿಕೊಂಡು ಸುಮ್ಮನಾದರು. ಪದ್ಮನಾಭನ ತಾಯಿ ತುಂಗಮ್ಮನವರು ಸೊಸೆಯನ್ನು ದೇವಿಯ ಮುಂದೆ ಕೂರಿಸಿ, ಎದುರಿಗೆ ಬಂದು ಕುಳಿತ ರೋಗಿಯನ್ನು ಊಟ ಆಯಿತೇ ಎಂದು ಕೇಳದೆ ನಾಡಿ ಹಿಡಿಯಕೂಡದು ಎಂದು ಕಂಕಣ ಕಟ್ಟಿಸಿದ್ದರು. ಅವಳು ಹಾಗೆಯೇ ನಡೆದುಕೊಂಡು ಬರಲಾಗಿ, ಜನರು ಅವಳನ್ನು ಊಟದ ಡಾಕ್ಟರಮ್ಮ ಎಂದೇ ಕರೆಯುತ್ತಿದ್ದರು.

ಹೀಗಿರಲಾಗಿ, ಏಳು ಕಡಲಾಚೆಯ ಹಿಮದೇಶದ ದೇವಸ್ಥಾನವೊಂದರಿಂದ ಪದ್ಮನಾಭನಿಗೆ ಪಾಕಶಾಲೆಯ ಕರೆ ಬಂದು, ದಂಪತಿಗಳು ಅಲ್ಲಿಗೆ ಹೋಗಿ ನೆಲೆಸಿದರು. ನೋಡಿದರೆ, ಗಂಡನ ಸೌಟಿಗೆ ಸಿಕ್ಕ ಮರ್ಯಾದೆ ಹೆಂಡತಿಯ ಸ್ಟೆತಾಸ್ಕೋಪಿಗೆ ಸಿಗಲಿಲ್ಲ. ಆ ದೇಶದ ಕಟ್ಟಳೆಯೇನೆಂದರೆ, ಹೊರದೇಶದಲ್ಲಿ ಎಷ್ಟೇ ಓದಿರಲಿ, ಎಷ್ಟೇ ಹೆರಿಗೆ ಮಾಡಿಸಿರಲಿ, ಪರೀಕ್ಷೆಗಳನ್ನೆಲ್ಲ ಮತ್ತೆ ಬರೆದು, ರೆಸಿಡೆನ್ಸಿ ಎಂಬ ಸೀಟು ಹಿಡಿದು, ಆಸ್ಪತ್ರೆಯಲ್ಲಿ ಮತ್ತೊಮ್ಮೆ ಕಿರಿಯಳಾಗಿ ದುಡಿದ ಹೊರತು ಒಂದು ಮಾತ್ರೆಯನ್ನೂ ಬರೆದುಕೊಡುವಂತಿಲ್ಲ. ಸೀಟು ಕೇಳಿದರೆ ಇಲ್ಲಿಯ ಅನುಭವ ತೋರಿಸು ಎನ್ನುವರು, ಅನುಭವ ಕೇಳಿದರೆ ಸೀಟಿದೆಯೇ ಎನ್ನುವರು. ಅಲ್ಲಿಯ ಡಾಕ್ಟರರೇ ಶಿಫಾರಸು ಬರೆಯಬೇಕು, ಅವರಿಗೋ ಇವಳು ಯಾರೆಂದೇ ಗೊತ್ತಿಲ್ಲ. ಸಾಲದ್ದಕ್ಕೆ, ಓದು ಮುಗಿಸಿ ಬಹಳ ವರ್ಷವಾದವರನ್ನು ಹಳಸಿದ ಸಾರಿನಂತೆ ಪಕ್ಕಕ್ಕೆ ಸರಿಸಿಬಿಡುವರು.

ಕುಮುದಿನಿ ಎದೆಗುಂದದೆ ಓದಿ ಬರೆವಣಿಗೆಯ ಪರೀಕ್ಷೆಗಳನ್ನೆಲ್ಲ ಗೆದ್ದಳು. ಆಮೇಲೆ ರೋಗಿಯನ್ನು ಮಾತಾಡಿಸುವ ತರಬೇತಿಗೆ ಹೋಗಲು, ಅಲ್ಲಿ ರೋಗಿಯ ಪಾತ್ರ ಹಾಕಿ ಒಬ್ಬ ಗೃಹಸ್ಥನು ಕುಳಿತಿದ್ದನು. ಇವಳು ವ್ರತದಂತೆ ಆ ದೇಶದ ಮಾತಿನಲ್ಲೇ ಊಟ ಆಯಿತೇ ಎಂದು ಕೇಳಲಾಗಿ, ಅವನು ಇದನ್ನು ಔತಣದ ಕರೆಯೆಂದು ತಿಳಿದು, ಇನ್ನೂ ಇಲ್ಲ, ಎಲ್ಲಿಗೆ ಹೋಗೋಣ ಎನ್ನುತ್ತಾ ಎದ್ದು ಕೋಟು ಹುಡುಕತೊಡಗಿದನು. ತರಗತಿಯವರೆಲ್ಲ ಬಿದ್ದು ಬಿದ್ದು ನಕ್ಕರು. ನಾವಾಗಿದ್ದರೂ ನಗುತ್ತಿದ್ದೆವು, ಆ ಮಾತು ಬೇರೆ. ಕುಮುದಿನಿಗೆ ಮಾತ್ರ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಅಂದಿನಿಂದ ಅವಳು ಆ ಪ್ರಶ್ನೆಯನ್ನು ನುಂಗಿಕೊಂಡಳು. ಕನ್ನಡಿಯ ಮುಂದೆ ನಿಂತು ಅಲ್ಲಿಯವರ ಉಚ್ಚಾರಣೆಯನ್ನು ಉರುಹೊಡೆದಳು. ವ್ರತದ ದಿನ ದೀಪ ಹಚ್ಚಲು ಗಂಡನು ಕರೆದರೆ, ಇವೆಲ್ಲ ಗೊಡ್ಡು ಪದ್ಧತಿ ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ನಮ್ಮ ದೇವಿ ಶಾಪ ಕೊಡುವವಳಲ್ಲ, ಮುನಿಸಿಕೊಂಡು ಸುಮ್ಮನೆ ಕೂರುವವಳು. ಸಂದರ್ಶನಗಳಲ್ಲಿ ಕುಮುದಿನಿ ಗಿಳಿಯಂತೆ ಒಪ್ಪಿಸಿ ಬಂದಲ್ಲೆಲ್ಲ ಇಲ್ಲವೆಂಬ ಉತ್ತರವೇ ಬಂದಿತು. ಹೀಗೆ ವರ್ಷಗಳು ಕಳೆದು, ಈ ಸಲವೂ ಸೀಟು ಸಿಗದಿದ್ದರೆ ಓದು ತೀರಾ ಹಳೆಯದೆಂದು ಮುಂದೆ ಯಾವ ಆಸ್ಪತ್ರೆಯೂ ಅವಳ ಅರ್ಜಿಯನ್ನು ನೋಡುವಂತಿರಲಿಲ್ಲ. ಡಾಕ್ಟರಿಕೆ ಬೇಕೆಂದರೆ ಗಂಡನನ್ನು ಬಿಟ್ಟು ಊರಿಗೆ ಮರಳಬೇಕು, ಗಂಡ ಬೇಕೆಂದರೆ ಡಾಕ್ಟರಿಕೆಗೆ ಎಳ್ಳುನೀರು ಬಿಡಬೇಕು.

ಆ ಸಂಕಟದಲ್ಲಿ ಅತ್ತೆಗೆ ಫೋನು ಮಾಡಲು, ತುಂಗಮ್ಮನವರು ಎತ್ತಿದ ಕೂಡಲೇ "ಊಟ ಆಯ್ತೇನಮ್ಮ?" ಎಂದರು.

"ನನ್ನ ಬದುಕೇ ಮುಳುಗ್ತಾ ಇದೆ, ನಿಮಗೆ ಊಟದ್ದೇ ಚಿಂತೆ!" ಎಂದು ಕುಮುದಿನಿ ರೇಗಿದಳು.

"ಅಂದ್ರೆ ಮಾಡಿಲ್ಲ ಅಂತಾಯ್ತು. ಎರಡು ತುತ್ತು ತಿಂದು ಬಾ, ನಾನು ಫೋನು ಹಿಡ್ಕೊಂಡೇ ಇರ್ತೀನಿ."

ಕುಮುದಿನಿ ಅಳುತ್ತಲೇ ಮೊಸರನ್ನ ತಿಂದು ಬಂದು, ವ್ರತ ಬಿಟ್ಟ ಸಂಗತಿಯನ್ನೆಲ್ಲ ಹೇಳಿಕೊಂಡಳು. ಆಗ ತುಂಗಮ್ಮನವರು ಬೈಯದೆ ವ್ರತದ ಸರಿಯಾದ ವಿಧಿಯನ್ನು ತಿಳಿಸಿದರು. ಕೇಳಿದರೆ ಸಾಲದು, ಕೇಳಿದ ಮೇಲೆ ಕಾಗದವನ್ನೂ ಗಡಿಯಾರವನ್ನೂ ನೋಡದೆ, ಮುಖವನ್ನೇ ನೋಡುತ್ತಾ ಉತ್ತರ ಬರುವತನಕ ಕಾಯಬೇಕು. ಊರಿನಲ್ಲಿದ್ದಾಗಲೂ ನೀನು ಚೀಟಿ ಬರೆಯುತ್ತಾ ಕೇಳುತ್ತಿದ್ದೆ, ಅದು ಅರ್ಧ ವ್ರತ ಎಂದರು. ಕುಮುದಿನಿಗೆ ಹೌದೆನ್ನಿಸಿತು. ಅಂದೇ ದೀಪ ಹಚ್ಚಿ ಮತ್ತೆ ಕಂಕಣ ಕಟ್ಟಿಕೊಂಡಳು.

ಆಮೇಲೆ ಎಲ್ಲೆಲ್ಲೋ ಕೇಳಿಕೊಂಡು ಒಂದು ಆಸ್ಪತ್ರೆಯಲ್ಲಿ ನಿಂತು ನೋಡುವುದಕ್ಕೆ ಅಪ್ಪಣೆ ಪಡೆದಳು. ಸಂಬಳವಿಲ್ಲ, ಯಾರನ್ನೂ ಮುಟ್ಟುವಂತಿಲ್ಲ, ಬೇಕಿದ್ದರೆ ಮಾತಾಡಿಸಬಹುದು. ಒಂದು ದಿನ ಹೊಟ್ಟೆಯ ಆಪರೇಷನ್ನಿಗೆಂದು ಮುದುಕಿಯೊಬ್ಬಳು ಹಸಿರು ನಿಲುವಂಗಿ ತೊಟ್ಟು ಪಡಸಾಲೆಯಲ್ಲಿ ಮಲಗಿದ್ದಳು. ಆಪರೇಷನ್ನಿಗೆ ಹೋಗುವವರು ಬರಿಹೊಟ್ಟೆಯಲ್ಲಿರಬೇಕು, ಇಲ್ಲವಾದರೆ ಅರಿವಳಿಕೆ ಕೊಟ್ಟಾಗ ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕಿಳಿದು ಜೀವಕ್ಕೇ ಸಂಚಕಾರ. ಕೇಳಿದವರಿಗೆಲ್ಲ ಅವಳು ಏನೂ ತಿಂದಿಲ್ಲವೆಂದೇ ಹೇಳಿದ್ದಳು. ಕುಮುದಿನಿಯು ಪಕ್ಕದಲ್ಲಿ ಕುಳಿತು, ಊಟ ಆಯಿತೇ ಅಮ್ಮ ಎಂದು ಕೇಳಿ, ಮುಖ ನೋಡುತ್ತಾ ಕಾದಳು. ಮುದುಕಿ ಸೂರು ನೋಡಿದಳು, ಗೋಡೆ ನೋಡಿದಳು, ಕೊನೆಗೆ ಇವಳನ್ನು ಹತ್ತಿರಕ್ಕೆ ಕರೆದು ಕಿವಿಯಲ್ಲಿ, ಹಸಿವು ತಡೆಯದೆ ಬೆಳಿಗ್ಗೆ ಒಂದು ಬಟ್ಟಲು ಗಂಜಿ ಕುಡಿದೆ, ಹೇಳಿದರೆ ಮತ್ತೆ ಮುಂದಕ್ಕೆ ಹಾಕುತ್ತಾರೆಂದು ಹೇಳಲಿಲ್ಲ ಎಂದಳು. ಇಷ್ಟು ಹೇಳಿ, ಕುಮುದಿನಿಯ ಕೈ ಹಿಡಿದುಕೊಂಡು, "ನಿನ್ನದಾಯಿತೇ ಮಗೂ?" ಎಂದಳು.

ಆ ದೇಶಕ್ಕೆ ಕಾಲಿಟ್ಟ ಮೇಲೆ ಹೊರಗಿನವರೊಬ್ಬರು ಅವಳನ್ನು ಹಾಗೆ ಕೇಳಿದ್ದು ಅದೇ ಮೊದಲು. ಕುಮುದಿನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಓಡಿಹೋಗಿ ಹಿರಿಯ ವೈದ್ಯೆಗೆ ತಿಳಿಸಲು, ಆಪರೇಷನ್ನು ಮರುದಿನಕ್ಕೆ ಹೋಗಿ, ಮುದುಕಿ ಸುಖವಾಗಿ ಗುಣವಾದಳು. ನಮಗೆ ಯಾರಿಗೂ ಹೇಳದ್ದನ್ನು ನಿನಗೆ ಹೇಗೆ ಹೇಳಿದಳು ಎಂದು ಹಿರಿಯ ವೈದ್ಯೆ ಕೇಳಲಾಗಿ, ಕುಮುದಿನಿ ವ್ರತದ ಸಂಗತಿಯನ್ನೆಲ್ಲ ನಿವೇದಿಸಿದಳು. ಆಕೆಯು ಬೆರಗಾಗಿ, ತಾನೇ ಶಿಫಾರಸು ಬರೆದು ಸಂದರ್ಶನಕ್ಕೆ ಕರೆಸಿದಳು.

ಸಂದರ್ಶನದಲ್ಲಿ ಕುಮುದಿನಿ ಉರುಹೊಡೆದದ್ದನ್ನು ಪಕ್ಕಕ್ಕಿಟ್ಟು, ಮೊದಲು ಅಲ್ಲಿ ಕುಳಿತಿದ್ದವರನ್ನೇ ಊಟ ಆಯಿತೇ ಎಂದು ಕೇಳಿ ಕಾದಳು. ಬೆಳಗಿನಿಂದ ಕೂತಿದ್ದ ಪಾಪದವರು ಮುಖ ಮುಖ ನೋಡಿಕೊಂಡು ನಕ್ಕು, ಇಲ್ಲವೆಂದರು. ಗಂಡ ಕಟ್ಟಿಕೊಟ್ಟ ಪುಳಿಯೋಗರೆ ಚೀಲದಲ್ಲೇ ಇತ್ತು, ಲಂಚವೆಂದಾರೆಂದು ಹೊರಗೆ ತೆಗೆಯಲಿಲ್ಲ. ಸೀಟು ಸಿಕ್ಕಿತೆಂಬ ಸುದ್ದಿ ಬಂದಾಗ ಪದ್ಮನಾಭನು ದೇವಸ್ಥಾನದಲ್ಲಿ ಪಾಯಸ ಕುದಿಸುತ್ತಿದ್ದವನು, ಸಂತೋಷದಲ್ಲಿ ಮೈಮರೆತು ಎರಡೆರಡು ಸಲ ಸಕ್ಕರೆ ಸುರಿದನು. ಭಕ್ತರು ದೇವರ ಮಹಿಮೆಯೆಂದು ಮತ್ತೆ ಮತ್ತೆ ಬಡಿಸಿಕೊಂಡರು.

ನಿಲುವಂಗಿ ತೊಟ್ಟು ಬಂದವಳು ಸಾಕ್ಷಾತ್ ಅನ್ನಪೂರ್ಣೆಯೇ ಎಂದು ತುಂಗಮ್ಮನವರು ಇಂದಿಗೂ ಹೇಳುವರು. ಕದ್ದು ಗಂಜಿ ಕುಡಿಯುವ ದೇವಿ ಎಲ್ಲಿದ್ದಾಳೆ ಎಂದು ಪದ್ಮನಾಭ ನಗುವನು. ನೀವು ಯಾರ ಮಾತು ನಂಬಿದರೂ ಫಲ ಒಂದೇ.

ಈ ಕಥೆಯನ್ನು ಹೇಳಿದವರಿಗೆ, ಕೇಳಿದವರಿಗೆ, ಕೇಳುತ್ತಾ ತೂಕಡಿಸಿದವರಿಗೂ ಫಲ ಸಿಗಲಿ, ಪರೀಕ್ಷೆ ಬರೆದವರಿಗೆ ಸೀಟು, ವೀಸಾ ಕಾದವರಿಗೆ ಮೊಹರು, ಪರದೇಶದಲ್ಲಿ ಒಂಟಿಯಾದವರಿಗೆ ವಿಚಾರಿಸುವವರೊಬ್ಬರು ದೊರೆಯಲಿ. ಈಗ ಅಕ್ಷತೆಯನ್ನು ದೇವಿಗೆ ಹಾಕಿ, ಪಕ್ಕದಲ್ಲಿ ಕುಳಿತವರ ಕಡೆಗೆ ತಿರುಗಿ ಊಟ ಆಯಿತೇ ಎಂದು ಕೇಳಿರಿ, ಕೇಳಿ ಕಾಯಿರಿ. ಇನ್ನೂ ಇಲ್ಲ, ನಿಮ್ಮದಾಯಿತೇ ಎನ್ನುವರು. ಎಲೆ ಹಾಕಿದೆ, ಎಲ್ಲರೂ ಏಳಿ.