ಯಾವ ಕ್ಯಾಮೆರಾಕ್ಕೂ ಒಗ್ಗದ ಕಾರ್ಡು

ಮಣಿಗುಡ್ಡದ ಅರಸ ನಾಡಿನ ಎಂಟು ದಿಕ್ಕಿಗೂ ಡಂಗುರ ಸಾರಿಸಿದ: “ಕೇಳಿರಪ್ಪೋ ಕೇಳಿ! ರಾಜಕುಮಾರಿ ಸೋವಲದೇವಿ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಒಡೆದವನಿಗೆ ಅರ್ಧ ರಾಜ್ಯ, ಅವಳು ಒಪ್ಪಿದರೆ ಅವಳ ಕೈ. ಒಂದು ತಪ್ಪಿದರೂ ಬರುವ ಅಮಾವಾಸ್ಯೆಗೆ ತಲೆ ಹೋಗುತ್ತದೆ!”

ಸಭೆ ಸೇರಿದ ದಿನ ಜವರ ಅರಮನೆಯ ಗುಜರಿ ಕೊಳ್ಳಲು ಬಂದು, ಗೋಣಿಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದ. ಗುಜರಿ ಅಂದರೆ ಜನ ಬೇಡವೆಂದು ಎಸೆದ ಸಾಮಾನು: ಮುರಿದ ರೇಡಿಯೊ, ನಿಂತ ಗಡಿಯಾರ, ಕೆಟ್ಟ ಕ್ಯಾಮೆರಾ. ಅವನ್ನು ಬಿಚ್ಚಿ, ಇನ್ನೂ ಜೀವ ಇರುವ ಭಾಗ ಹುಡುಕಿ ಮಾರುವುದು ಅವನ ಕಸುಬು.

ಸೋವಲದೇವಿ ಮೊದಲ ಒಗಟು ಕೇಳಿದಳು. “ಹೆಬ್ಬೆರಳ ಉಗುರಿನಷ್ಟು ಮನೆ. ಸಾವಿರ ಜನ ಒಳಹೊಕ್ಕರೂ ಎಳ್ಳುಕಾಳಿನಷ್ಟು ಭಾರ ಏರುವುದಿಲ್ಲ. ಯಾವುದದು?”

ನೆರೆನಾಡಿನ ರಾಜಕುಮಾರ ಮೀಸೆ ತಿರುವಿ, “ಕಣ್ಣು” ಎಂದ.

“ಕಣ್ಣು ಅತ್ತಾಗ ಭಾರವಾಗುತ್ತದೆ,” ಎಂದಳು ಅವಳು. ಭಟರು ಅವನನ್ನು ಸೆರೆಗೆ ಒಯ್ದರು.

ಮುಂದೆ ಬಂದವನು ಯಂತ್ರ ಮಾರುವ ಸಾಹುಕಾರನ ಮಗ. “ಕ್ಯಾಮೆರಾದ ಮೆಮೊರಿ ಕಾರ್ಡು” ಎಂದ. ಉತ್ತರ ಸರಿಯಾಗಿತ್ತು. ತೆಗೆದ ಚಿತ್ರಗಳನ್ನೆಲ್ಲ ಕ್ಯಾಮೆರಾ ಈ ಪುಟ್ಟ ಬಿಲ್ಲೆಯೊಳಗೆ ಇಡುತ್ತದೆ, ಚಿತ್ರಕ್ಕೆ ತೂಕವಿಲ್ಲ. ರಾಜಕುಮಾರಿ ಬೆಳ್ಳಿಯ ಭರಣಿಯಿಂದ ಅಂಥದೇ ಒಂದು ಕಾರ್ಡು ತೆಗೆದು ಎಲ್ಲರಿಗೂ ತೋರಿಸಿದಳು.

ಆ ಕಾರ್ಡಿನ ಕತೆ ನಾಡಿಗೆಲ್ಲ ಗೊತ್ತಿತ್ತು. ಅವಳಿಗೆ ಒಂದೂವರೆ ವರ್ಷವಿದ್ದಾಗ ಮಹಾರಾಣಿ ತೀರಿಕೊಂಡಳು. ದುಃಖ ತಡೆಯಲಾರದೆ ಅರಸ ರಾಣಿಯ ಪಟಗಳನ್ನೆಲ್ಲ ಸುಡಿಸಿದ, ಅವಳ ಕ್ಯಾಮೆರಾವನ್ನು ಕೆರೆಗೆ ಎಸೆಸಿದ. ಉಳಿದದ್ದು ಇದೊಂದೇ. ಆದರೆ ಅದನ್ನು ಮಾಡಿದ ಕಂಪನಿ ಬಹಳ ಹಿಂದೆಯೇ ಬಾಗಿಲು ಮುಚ್ಚಿತ್ತು. ಈಗಿನ ಯಾವ ಕ್ಯಾಮೆರಾಕ್ಕೂ ಕಾರ್ಡು ಒಗ್ಗುತ್ತಿರಲಿಲ್ಲ. ಮಗಳಿಗೆ ತಾಯಿಯ ಮುಖವೇ ನೆನಪಿಲ್ಲ. ತಿಳಿಯದವರು ಕೈಯಿಟ್ಟರೆ ತಾಯಿ ಎರಡನೆಯ ಸಲ ಸಾಯುತ್ತಾಳೆಂದು ಅವಳ ಭಯ. ಒಗಟು ಒಡ್ಡಿದ್ದೂ ಶಿಕ್ಷೆ ಇಟ್ಟದ್ದೂ ಆ ಭಯಕ್ಕೇ.

ಅವಳು ಎರಡನೆಯದನ್ನು ಕೇಳಿದಳು. “ಒಂದೇ ಕೆಲಸ ಕಲಿತ ಇಬ್ಬರು ಆಳುಗಳು. ಮೈಕಟ್ಟೂ ಹೆಚ್ಚುಕಮ್ಮಿ ಒಂದೇ. ಒಬ್ಬನಿಗೆ ಬಾಗಿಲು ತೆರೆಯುತ್ತದೆ, ಇನ್ನೊಬ್ಬನಿಗೆ ಇಲ್ಲ. ಅವನನ್ನು ಹೊರಗೆ ನಿಲ್ಲಿಸಿದ್ದು ಯಾವುದು?”

“ಅಳತೆ!” ಎಂದ ಸಾಹುಕಾರನ ಮಗ. “ಕಾರ್ಡು ಇತ್ತ ಕೊಡಿ. ಅರ ತಂದಿದ್ದೇನೆ. ಅಂಚನ್ನು ನಾಲ್ಕು ಸಲ ಉಜ್ಜಿದರೆ ಎಲ್ಲಿ ಬೇಕಾದರೂ ಕೂರಿಸುತ್ತೇನೆ.”

ರಾಜಕುಮಾರಿ ಕಾರ್ಡನ್ನು ಎದೆಗೆ ಅವುಚಿಕೊಂಡಳು. ಅವಳ ಮುಖ ಬಿಳಿಚಿಹೋಗಿತ್ತು.

ಆ ಮುಖ ನೋಡಿದ ಜವರನಿಗೆ ಬಳೆ ಮಾರುವ ಪುಟ್ಟತಾಯಮ್ಮ ಕಣ್ಣಮುಂದೆ ಬಂದಳು. ತೀರಿಹೋದ ಮಗನ ಚಿತ್ರಗಳಿದ್ದ ಕಾರ್ಡನ್ನು ಆಕೆ ಒಮ್ಮೆ ಇವನ ಕೈಗೆ ಕೊಟ್ಟಿದ್ದಳು. ಯಂತ್ರ ಏನೋ ಕೇಳಿತ್ತು, ಇವನು ಸರಿಯಾಗಿ ಓದದೆ ‘ಹೌದು’ ಎಂದು ಒತ್ತಿದ್ದ. ಚಿತ್ರಗಳೆಲ್ಲ ಅಳಿಸಿಹೋದವು. ಆಕೆ ಬೈಯಲಿಲ್ಲ. ಖಾಲಿ ಕಾರ್ಡನ್ನು ಸೆರಗಿಗೆ ಕಟ್ಟಿಕೊಂಡು ಹೋದಳು.

ಜವರ ಮುಂದೆ ನಡೆದ.

“ಏ ಗುಜರಿ,” ಎಂದ ಕಾವಲಿನವನು, “ನಿನ್ನ ತಲೆಯನ್ನೂ ತೂಕಕ್ಕೆ ಹಾಕಬೇಕೇನೋ?”

“ಹಾಕಣ್ಣ. ಹೆಚ್ಚು ತೂಗಲಿಕ್ಕಿಲ್ಲ,” ಎಂದು ಜವರ ರಾಜಕುಮಾರಿಗೆ ಕೈಮುಗಿದ. “ಅಮ್ಮಣ್ಣೀ, ಮೊದಲನೆಯದಕ್ಕೆ ಅವರೇ ಉತ್ತರ ಹೇಳಿಬಿಟ್ಟರು, ನನ್ನದೂ ಅದೇ. ಎರಡನೆಯದು ಅಳತೆಯಲ್ಲ, ಆಸೆ. ಆಳುಗಳು ಅಂದರೆ ಕಾರ್ಡು, ಬಾಗಿಲು ಅಂದರೆ ಕ್ಯಾಮೆರಾ; ಆ ಬಾಗಿಲು ಮಾಡಿದವನ ಆಸೆ. ಬೇರೆ ಅಂಗಡಿಯ ಕಾರ್ಡು ಯಾರೂ ಕೊಳ್ಳಬಾರದೆಂದು ಕಂಪನಿಯವರು ಬೇಕೆಂದೇ ಬೇರೆ ಆಕಾರ ಮಾಡಿದರು, ಬೇರೆ ಭಾಷೆ ಕಲಿಸಿದರು. ಅಂಚು ಉಜ್ಜಿದರೆ ಕಾರ್ಡು ಸಾಯುತ್ತದೆ, ಭಾಷೆ ಬದಲಾಗುವುದಿಲ್ಲ.”

ರಾಜಕುಮಾರಿ ಹೌದೆಂದು ತಲೆಯಾಡಿಸಿದಳು. ಸಾಹುಕಾರನ ಮಗನನ್ನೂ ಭಟರು ಒಯ್ದರು.

ಸೋವಲದೇವಿ ತಗ್ಗಿದ ದನಿಯಲ್ಲಿ ಮೂರನೆಯದನ್ನು ಕೇಳಿದಳು. “ಒಬ್ಬ ಆಳು ಬಹಳ ವಿನಯವಂತ. ಬಂದ ಅತಿಥಿಯ ಮಾತು ತಿಳಿಯದಿದ್ದರೆ, ‘ಇವರನ್ನು ಸರಿಮಾಡಲೇ?’ ಎಂದು ಕೇಳುತ್ತಾನೆ. ಹೌದು ಎಂದರೆ ಅತಿಥಿ ಸಾಯುತ್ತಾನೆ. ಬೇಡ ಎಂದರೆ ಅತಿಥಿ ಮೂಕನಾಗಿಯೇ ಇರುತ್ತಾನೆ. ಏನು ಮಾಡಬೇಕು?”

ಜವರ ಗೋಣಿಚೀಲವನ್ನು ಹೆಗಲಿನಿಂದ ಕೆಳಗಿಳಿಸಿದ. “ಆ ಆಳು ಹೊಸ ಕ್ಯಾಮೆರಾ, ಅಮ್ಮಣ್ಣಿ. ಗುರುತಿಲ್ಲದ ಕಾರ್ಡು ಕಂಡರೆ ‘ಫಾರ್ಮ್ಯಾಟ್ ಮಾಡಲೇ?’ ಎನ್ನುತ್ತದೆ. ಫಾರ್ಮ್ಯಾಟ್ ಅಂದರೆ ಇದ್ದದ್ದನ್ನೆಲ್ಲ ಒರೆಸಿ ತನಗೆ ಬೇಕಾದಂತೆ ಮಾಡಿಕೊಳ್ಳುವುದು. ‘ಬೇಡ’ ಅನ್ನಬೇಕು. ಆಮೇಲೆ ಅತಿಥಿಯ ಭಾಷೆ ಬಲ್ಲ ಮುದುಕನನ್ನು ಹುಡುಕಬೇಕು.”

ಅವನು ಚೀಲದಿಂದ ಗಾಜು ಸೀಳಿದ ಹಳೆಯ ಕ್ಯಾಮೆರಾ ತೆಗೆದ. ಅದೇ ಕಂಪನಿಯದು. “ಇದು ಇನ್ನು ಚಿತ್ರ ತೆಗೆಯಲಾರದು. ತೆಗೆದದ್ದನ್ನು ತೋರಿಸಬಲ್ಲದು. ಕಾರ್ಡನ್ನು ನೀವೇ ಹಾಕಿ, ನಾನು ಮುಟ್ಟುವುದಿಲ್ಲ.”

ಅವಳು ತಾನೇ ಕಾರ್ಡು ಹಾಕಿದಳು. ಪರದೆ ಬೆಳಗಿತು. ತೊಟ್ಟಿಲಲ್ಲಿ ಮಗು, ಅಂಬೆಗಾಲಿಡುವ ಮಗು, ಮೂತಿಗೆಲ್ಲ ಬೆಣ್ಣೆ ಬಳಿದುಕೊಂಡ ಮಗು. ನೂರಾರು ಚಿತ್ರ, ಎಲ್ಲದರಲ್ಲೂ ಅವಳೇ. ತಾಯಿ ಒಂದರಲ್ಲೂ ಇರಲಿಲ್ಲ. ಯಾಕೆಂದರೆ ಚಿತ್ರ ತೆಗೆಯುತ್ತಿದ್ದವಳು ತಾಯಿ.

“ಇನ್ನೊಂದೇ ಉಳಿದಿದೆ, ಅಮ್ಮಣ್ಣಿ,” ಎಂದ ಜವರ.

ಕೊನೆಯದರಲ್ಲಿ ಮಗು ನೀರಾಡುತ್ತಿತ್ತು. ಪಕ್ಕದ ತಾಮ್ರದ ಹಂಡೆಯ ಹೊಳಪಿನಲ್ಲಿ, ಕ್ಯಾಮೆರಾವನ್ನು ಎದೆಯ ಹತ್ತಿರ ಹಿಡಿದು ಬಾಗಿ ನಗುತ್ತಿದ್ದ ಹೆಂಗಸೊಬ್ಬಳ ಮುಖ ಮೂಡಿತ್ತು.

ಸೋವಲದೇವಿ ಸಿಂಹಾಸನದ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಳು.

“ಕೇಳಪ್ಪಾ,” ಎಂದ ಅರಸ ಕೊನೆಗೆ. “ಅರ್ಧ ರಾಜ್ಯ ನಿನ್ನದು.”

“ರಾಜ್ಯ ಬೇಡ ಬುದ್ಧೀ. ಸೆರೆಯಲ್ಲಿರುವವರನ್ನು ಬಿಡಿ. ನಾನೂ ತಪ್ಪಿ ಒಬ್ಬ ತಾಯಿಯ ಮಗನನ್ನು ಅಳಿಸಿದವನು. ಆಕೆ ನನ್ನ ತಲೆ ಕೇಳಲಿಲ್ಲ.”

ಅರಸ ತಲೆ ತಗ್ಗಿಸಿದ. “ಪಟ ಸುಡಿಸಿದವನು ನಾನು. ನನ್ನ ತಲೆಯನ್ನೂ ಯಾರೂ ಕೇಳಲಿಲ್ಲ. ಅವರನ್ನು ಬಿಟ್ಟೆ.”

ಅಂದಿನಿಂದ ಆ ನಾಡಿನಲ್ಲಿ ಎಲ್ಲ ಕ್ಯಾಮೆರಾಗಳಿಗೂ ಒಂದೇ ಅಳತೆಯ ಕಾರ್ಡು ಎಂದು ಕಟ್ಟಳೆಯಾಯಿತು. ಹಳೆಯ ಕಾರ್ಡುಗಳನ್ನು ಓದಿಕೊಡಲು ಅರಮನೆಯ ಬಾಗಿಲಲ್ಲೇ ಜವರನಿಗೆ ಅಂಗಡಿ ಹಾಕಿಕೊಟ್ಟರು. ರಾಜಕುಮಾರಿ ಅಲ್ಲಿಗೆ ವರ್ಷವಿಡೀ ಬಂದುಹೋಗಿ, ಮದುವೆಯ ಮಾತನ್ನು ತಾನೇ ಎತ್ತಿದಳು.

ಮದುವೆಯ ದಿನ ಎಲ್ಲರೂ ಸಾಲಾಗಿ ನಿಂತಾಗ ಅವಳು ಚಿತ್ರ ತೆಗೆಯುವವನ ಹತ್ತಿರ ಹೋಗಿ, ಕ್ಯಾಮೆರಾವನ್ನು ಅವನ ಕೈಯಿಂದ ತೆಗೆದುಕೊಂಡು ಎದುರಿನ ಮೋಟುಕಂಬದ ಮೇಲಿಟ್ಟಳು. ಅದು ತಾನಾಗಿಯೇ ಚಿತ್ರ ತೆಗೆಯುವಂತೆ ಗುಂಡಿ ತಿರುಗಿಸಿದಳು.

“ಬಾರಪ್ಪ,” ಎಂದಳು, “ನೀನೂ ಬಂದು ನಿಲ್ಲು.”