ಶಂಖದಂಗಡಿಯ ಪರವಾನಗಿ

ಕಡಲ ದಂಡೆಯಲ್ಲಿ ಮುದಿ ಏಡಿಯೊಂದು, ಶಂಖವನ್ನೇ ಮನೆಯಾಗಿ ಹೊತ್ತು ತಿರುಗುವ ಏಡಿಗಳಿಗೆ ಖಾಲಿ ಶಂಖ ಮಾರುತ್ತಿತ್ತು. ಒಂದು ಬೆಳಿಗ್ಗೆ ಗಿರಾಕಿಯೊಬ್ಬ ಬಿಗಿಯಾದ ಹಳೆಯ ಶಂಖವನ್ನು ಕಳಚಿ ಒಪ್ಪಿಸಿ, ಹೊಸದರೊಳಗೆ ಕಾಲಿಡುವಷ್ಟರಲ್ಲಿ ಅಧಿಕಾರಿ ಆಮೆ ಬಂದಿತು.

"ಮಾರಲು ಪರವಾನಗಿ ಎಲ್ಲಿ?"

"ಅರ್ಜಿ ತಮ್ಮ ಬಳಿಯೇ ಇದೆ, ಸ್ವಾಮಿ."

"ಹಾಗಾದರೆ ಯಾವ ಮಾಲೂ ಕದಲಕೂಡದು. ಆ ಹಳೆಯದೂ ಈಗ ಅಂಗಡಿಯ ಮಾಲೇ."

"ಇವನದು ಬರೀ ಮೈ, ಸ್ವಾಮಿ."

"ಗಿರಾಕಿಗಳ ರಕ್ಷಣೆಗೆಂದೇ ಈ ಕಾನೂನು ಇರುವುದು."

ಮುದಿ ಏಡಿಗೆ ಕಾನೂನೆಂದರೆ ಹೆದರಿಕೆ. ಅದು ಎರಡೂ ಶಂಖಗಳ ಬಾಯನ್ನು ತನ್ನ ಕೊಂಡಿಗಳಿಂದ ಮುಚ್ಚಿ ಹಿಡಿಯಿತು.

ಮರಳಿನ ಮೇಲೆ ಹದ್ದಿನ ನೆರಳು ಹಾಯಿತು. ಆಮೆ ತಟ್ಟನೆ ತನ್ನ ಚಿಪ್ಪಿನೊಳಗೆ ಸೇರಿಕೊಂಡಿತು. ನೆರಳು ಸರಿದಾಗ ಗಿರಾಕಿ ನಿಂತಿದ್ದ ಜಾಗ ಖಾಲಿಯಾಗಿತ್ತು. ಆಮೆ ತಲೆ ಹೊರಹಾಕಿ, ಮುದಿ ಏಡಿ ಇನ್ನೂ ಬಿಗಿಯಾಗಿ ಹಿಡಿದಿದ್ದ ಶಂಖಗಳನ್ನು ನೋಡಿತು.

"ಸರಿ," ಎಂದಿತು, "ಮಾಲು ಕದಲಿಲ್ಲ."