ಎರಡು ಫ್ಯಾನು, ಒಂದು ಫ್ಯೂಸು

ಹೊಳೆಯ ದಂಡೆಯ ಮೇಲೆ, ಹೊಂಗೆ ಮರದ ಕೆಳಗೆ, ದಾದಾಪೀರ್ ಉಸ್ತಾದರ ಶೆಡ್ಡಿತ್ತು. ಕಾರಿನ ವೈರಿಂಗ್ ಕಲಿಯಬೇಕೆನ್ನುವವರು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು.

ಅವರ ಶಿಷ್ಯೆ ನೀಲಾಂಬಿಕೆ ಗುಜರಿಗೆ ಬಿದ್ದ ಕಾರೊಂದನ್ನು ತಂದು, ಅಲ್ಲಿಯೇ ಕೈಯಾರೆ ರಿಪೇರಿ ಮಾಡಿ ಎಬ್ಬಿಸಿ ನಿಲ್ಲಿಸಿದ್ದಳು. ಇಂಜಿನ್ ತಣ್ಣಗಿರಲೆಂದು ರೇಡಿಯೇಟರಿಗೆ ಎರಡು ಕರೆಂಟಿನ ಫ್ಯಾನು ಕೂರಿಸಿದ್ದಳು.

ನಾಳೆ ಅವ್ವನನ್ನು ಗುಡ್ಡದ ಮೇಲಿನ ಅಕ್ಕನ ಊರಿಗೆ ಕರೆದೊಯ್ಯಬೇಕು. ಅಕ್ಕನ ಕೂಸನ್ನು ಅವ್ವ ಇನ್ನೂ ನೋಡಿರಲಿಲ್ಲ. ಆದರೆ ಉಸ್ತಾದರು ಹೂಂ ಅನ್ನದೆ ಆ ಶೆಡ್ಡಿನಿಂದ ಯಾವ ಕಾರೂ ಹೊರಡುವಂತಿರಲಿಲ್ಲ.

ಉಸ್ತಾದರು ಬಾನೆಟ್ ಎತ್ತಿದರು. ಎರಡೂ ಫ್ಯಾನಿನ ವೈರುಗಳು ಒಂದಕ್ಕೊಂದು ಹೆಣೆದುಕೊಂಡು ಬಂದು, ಒಂದೇ ಫ್ಯೂಸಿಗೆ ಸೇರಿದ್ದವು.

"ಚಂದ ಐತಿ," ಎಂದರು. "ಮದುವಿ ಹೆಣ್ಣಿನ ಜಡಿ ಹಂಗ."

ನೀಲಾಂಬಿಕೆ ಹಿಗ್ಗಿದಳು. "ಮುಂಜಾನಿಂದ ಓಡಿಸಿ ನೋಡೀನಿ, ಉಸ್ತಾದ್. ಒಮ್ಮೆನೂ ಕೈ ಕೊಟ್ಟಿಲ್ಲ."

"ಓಡೂದು ನೋಡೀದಿ. ನಿಲ್ಲೂದು ನೋಡೀಯೇನು?"

ಇಂಜಿನ್ ಚಾಲೂ ಇದ್ದಂತೆಯೇ ಅವರು ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡರು.

ಎರಡೂ ಫ್ಯಾನು ನಿಂತವು. ಕಾವಿನ ಮುಳ್ಳು ಕೆಂಪು ಗೆರೆಯತ್ತ ಏರತೊಡಗಿತು. ನೀಲಾಂಬಿಕೆ ಓಡಿಹೋಗಿ ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದಳು.

"ಒಂದು ಫ್ಯಾನು ಕೆಟ್ಟು ಫ್ಯೂಸು ಹೋತಂತ ಇನ್ನೊಂದೂ ಅದರ ಹಿಂದ ಹೋಗಬೇಕೇನವ್ವ?"

ಅವಳು ವೈರುಗಳ ಹೆಣಿಗೆ ಬಿಚ್ಚಿದಳು. ಒಂದೊಂದು ಫ್ಯಾನಿಗೂ ಅದರದೇ ಫ್ಯೂಸು, ಅದರದೇ ರಿಲೇ ಸ್ವಿಚ್ಚು, ಅದರದೇ ಅರ್ತಿಂಗ್ ವೈರು ಕೊಟ್ಟಳು. ಅರ್ತಿಂಗ್ ಕೂರುವ ಜಾಗದ ಬಣ್ಣವನ್ನು ಕಬ್ಬಿಣ ಹೊಳೆಯುವ ತನಕ ಕೆರೆದಳು. ಅಷ್ಟರಲ್ಲಿ ಹೊತ್ತು ಇಳಿದಿತ್ತು.

"ಈಗ ಕೆದರಿದ ತಲಿ ಹಂಗಾತು, ಉಸ್ತಾದ್."

"ಗುಡ್ಡ ಹತ್ತಾಕ ತಲಿ ಬಾಚಬೇಕಿಲ್ಲ."

ಇಂಜಿನ್ ಮತ್ತೆ ಶುರುವಾಯಿತು. ಉಸ್ತಾದರು ಒಂದು ಫ್ಯೂಸು ಕಿತ್ತರು. ಒಂದು ಫ್ಯಾನು ನಿಂತಿತು. ಇನ್ನೊಂದು ತಿರುಗುತ್ತಲೇ ಇತ್ತು. ಮುಳ್ಳು ತುಸು ಏರಿ, ಅಲ್ಲಿಯೇ ನಿಂತುಕೊಂಡಿತು.

ಇಬ್ಬರೂ ಅದನ್ನೇ ನೋಡುತ್ತ ಚಹಾ ಕುಡಿದರು. ಮುಳ್ಳು ಕದಲಲಿಲ್ಲ.

ಉಸ್ತಾದರು ಫ್ಯೂಸನ್ನು ಅದರ ಜಾಗಕ್ಕೆ ಒತ್ತಿದರು. "ಹೂಂ. ಹೋಗಿ ಬಾ. ಅವ್ವಗ ನನ್ನ ಸಲಾಂ ಹೇಳು."

ನೀಲಾಂಬಿಕೆ ನಗುತ್ತ ಬಾನೆಟ್ ಇಳಿಸಿದಳು. ಕೈ ಅದರ ಮೇಲೆಯೇ ಉಳಿಯಿತು.

"ದಾರ್‍ಯಾಗ ಎರಡೂ ನಿಂತರ?"

"ಗಾಡಿ ಬಂದ್ ಮಾಡಿ, ಮರದ ನೆರಳಾಗ ಅವ್ವನ ಬಾಜೂಕ ಕೂಡು. ಫ್ಯಾನಿಲ್ಲದನೂ ತಣ್ಣಗಾಗತೈತಿ. ತಡ ಆಗತೈತಿ, ಅಷ್ಟ."